ಬೀಗದಕೈ ಎಲ್ಲಿಡಬೇಕು, ಕಾವಲು ಯಾರು ಕಾಯಬೇಕು: ಸಣ್ಣ ತಂಡಕ್ಕೆ ಕ್ಲೌಡ್ ಭದ್ರತೆಯ ಆಯ್ಕೆಗಳು

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನಗೆ ಒಂದೇ ಪ್ರಶ್ನೆ ಕೇಳಿದರು. ಒಬ್ಬರು ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಗಳಿಗೆ ಮೆಕ್ಕೆಜೋಳ, ಭತ್ತದ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವವರು. ಇನ್ನೊಬ್ಬರು ವಿದ್ಯಾನಗರದಲ್ಲಿ ನಾಲ್ಕು ಹುಡುಗರನ್ನು ಇಟ್ಟುಕೊಂಡು ನರ್ಸಿಂಗ್ ಹೋಮ್‌ಗಳ ಅಪಾಯಿಂಟ್‌ಮೆಂಟ್ ಆ್ಯಪ್ ನಡೆಸುವವರು. ಮೂರನೆಯವಳು ಇಲ್ಲೇ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವ ಹುಡುಗಿ. ಅವಳ ತಂಡದಲ್ಲಿ ವಾಲ್ಟ್ (ಪಾಸ್‌ವರ್ಡ್ ಜೋಪಾನ ಮಾಡುವ ಸಾಫ್ಟ್‌ವೇರ್) ಬೇಕೋ ಬೇಡವೋ ಅಂತ ದಿನಾ ಜಗಳವಂತೆ. ಮೂವರದ್ದೂ ಒಂದೇ ಮಾತು: "ಪಾಸ್‌ವರ್ಡು, ಎಪಿಐ ಕೀ ಇವನ್ನೆಲ್ಲ ಎಲ್ಲಿಡೋದು? ಯಾರಾದರೂ ಒಳಗೆ ನುಗ್ಗಿದರೆ ಗೊತ್ತಾಗೋದು ಹೇಗೆ? ಯಾವ ಟೂಲ್ ತಗೊಳ್ಳಲಿ?" ಎಪಿಐ ಕೀ ಅಂದರೆ ಒಂದು ಪ್ರೋಗ್ರಾಂ ಇನ್ನೊಂದು ಸೇವೆಯನ್ನು ಬಳಸಲು ತೋರಿಸುವ ಗುಟ್ಟಿನ ಪದ.

ಇದು ಒಂದು ಪ್ರಶ್ನೆ ಅಲ್ಲ, ಎರಡು. ಗೋಡೌನ್‌ಗೆ ಬೀಗ ಹಾಕಿ ಬೀಗದಕೈಯನ್ನು ಜೋಪಾನ ಮಾಡುವುದು ಒಂದು ಕೆಲಸ. ರಾತ್ರಿ ಗೂರ್ಖಾ ಇಟ್ಟು ಯಾರು ಸುತ್ತಾಡ್ತಿದ್ದಾರೆ ಅಂತ ನೋಡಿಸುವುದು ಇನ್ನೊಂದು. ಎರಡನ್ನೂ ಒಂದೇ ಪ್ಯಾಕೇಜ್ ಮಾಡಿ ಮಾರುವವರು ಇದ್ದಾರೆ. ನಾವು ಮಾತ್ರ ಬೇರೆ ಬೇರೆಯಾಗಿ ತೂಗಿ ನೋಡೋಣ.

ನಾನು ಇದನ್ನು ಕಲಿತದ್ದು ಕೈ ಸುಟ್ಟುಕೊಂಡೇ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಇಂಟರ್ನ್‌ಶಿಪ್‌ಗೆ ಬಂದಿದ್ದ ಹುಡುಗ ತನ್ನ ಕೆಲಸವನ್ನು ರೆಸ್ಯೂಮೆಯಲ್ಲಿ ತೋರಿಸಲು ಕೋಡನ್ನು ಸಾರ್ವಜನಿಕ ರೆಪೊಗೆ (ಯಾರು ಬೇಕಾದರೂ ನೋಡಬಹುದಾದ ಕೋಡ್ ಸಂಗ್ರಹಕ್ಕೆ) ಹಾಕಿದ. ಅದರ ಜೊತೆ ಪಾಸ್‌ವರ್ಡ್, ಕೀ ಬರೆದಿಡುವ ಡಾಟ್ ಎನ್ವ್ ಫೈಲೂ ಹೋಯಿತು. ಅದರೊಳಗೆ ನಮ್ಮ ಕ್ಲೌಡ್ ಅಕೌಂಟಿನ ಕೀ. ಅದು ಶನಿವಾರ ಸಂಜೆ. ನಾವೆಲ್ಲ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ಕೂತಿದ್ದೆವು. ಹತ್ತು ನಿಮಿಷಕ್ಕೇ ಹುಡುಗನಿಗೆ ಹೊಳೆದು ಫೈಲ್ ಅಳಿಸಿದ. ಅಳಿಸಿದರೂ ಗಿಟ್ (ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಟೂಲ್) ಹಿಸ್ಟರಿಯಲ್ಲಿ ಹಾಗೇ ಉಳಿದಿರುತ್ತದೆ ಅನ್ನೋದು ಅವನಿಗೆ ಗೊತ್ತಿರಲಿಲ್ಲ. ನಮಗೆ ಹೇಳಲಿಕ್ಕೂ ಹೆದರಿದ. ಸೋಮವಾರ ನೋಡಿದರೆ ನಾವು ಯಾವತ್ತೂ ತೆರೆಯದ ದೇಶಗಳ ರೀಜನ್‌ಗಳಲ್ಲಿ (ಕ್ಲೌಡ್ ಕಂಪನಿಯ ಮಷಿನ್‌ಗಳಿರುವ ಜಾಗಗಳಲ್ಲಿ) ದೊಡ್ಡ ದೊಡ್ಡ ಮಷಿನ್‌ಗಳು ಕ್ರಿಪ್ಟೊ ಮೈನಿಂಗ್ ಮಾಡುತ್ತಿದ್ದವು. ನಮ್ಮ ಕನ್ಸೋಲ್ (ಕ್ಲೌಡನ್ನು ನೋಡಿಕೊಳ್ಳುವ ವೆಬ್ ಪುಟ) ಮುಂಬೈ ರೀಜನ್ ಮಾತ್ರ ತೋರಿಸುತ್ತಿತ್ತು, ಅಲ್ಲಿ ಎಲ್ಲ ಸರಿಯಾಗೇ ಇತ್ತು. ಹುಡುಗನನ್ನು ಬೈದು ಏನು ಪ್ರಯೋಜನ? ಅವನ ಲ್ಯಾಪ್‌ಟಾಪಿಗೆ ಆ ಕೀ ಕೊಟ್ಟವರು ನಾವೇ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು, ನೀವು ಈಗ ಯಾವ ಕ್ಲೌಡಿನಲ್ಲಿದ್ದೀರಿ ಅನ್ನೋದು. ಭದ್ರತೆಯ ಟೂಲ್ ಚೆನ್ನಾಗಿದೆ ಅಂತ ಕ್ಲೌಡ್ ಬದಲಿಸುವುದು ಬೀಗಕ್ಕೋಸ್ಕರ ಮನೆ ಬದಲಿಸಿದ ಹಾಗೆ.

ಎರಡನೆಯದು ಬಿಲ್. ಇವತ್ತು ಎಷ್ಟು ಬರುತ್ತದೆ ಅನ್ನೋದಕ್ಕಿಂತ, ಯಾವುದು ಜಾಸ್ತಿಯಾದರೆ ಬಿಲ್ ಜಾಸ್ತಿಯಾಗುತ್ತದೆ ಅನ್ನೋದನ್ನು ನೋಡಬೇಕು. ಕೆಲವರು ಸೀಕ್ರೆಟ್ (ಜೋಪಾನ ಮಾಡಬೇಕಾದ ಪಾಸ್‌ವರ್ಡ್ ಅಥವಾ ಕೀ) ಎಣಿಸಿ ದುಡ್ಡು ತಗೊಳ್ತಾರೆ. ಕೆಲವರು ಎಷ್ಟು ಸಲ ತೆಗೆದು ನೋಡಿದಿರಿ ಅಂತ ಎಣಿಸುತ್ತಾರೆ. ಕಾವಲಿನ ಟೂಲ್‌ಗಳು ಲಾಗ್ (ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆ) ಎಷ್ಟು ಹರಿಯಿತು ಅಂತ ಅಳೆಯುತ್ತವೆ.

ಮೂರನೆಯದು, ತಪ್ಪಾಗಿ ಅಳಿಸಿದರೆ ವಾಪಸ್ ಸಿಗುತ್ತದಾ ಅನ್ನೋದು. ನಾಲ್ಕನೆಯದು ಕಾನೂನು, ಅದಕ್ಕೆ ಆಮೇಲೆ ಬರ್ತೀನಿ.

ಐದನೆಯದನ್ನು ಯಾರೂ ಕೇಳೋದಿಲ್ಲ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ರಾತ್ರಿ ಎರಡು ಗಂಟೆಗೆ ಅಲರ್ಟ್ ಬಂದರೆ ಎದ್ದು ನೋಡುವವರು ಯಾರು? ಹೆಸರು ಹೇಳಿ. "ತಂಡ ನೋಡಿಕೊಳ್ಳುತ್ತೆ" ಅಂದರೆ ಯಾರೂ ನೋಡಲ್ಲ ಅಂತಲೇ ಅರ್ಥ. ಹೆಸರು ಹೇಳಲಿಕ್ಕೆ ಆಗದಿದ್ದರೆ ದುಬಾರಿ ಟೂಲ್ ಕೊಳ್ಳಬೇಡಿ.

ಬೀಗದಕೈ ಇಡುವ ಜಾಗಗಳು

ಇಡುವ ಮುಂಚೆ ಒಂದು ಮಾತು. ನಿಮ್ಮ ಸರ್ವರ್, ಸ್ಟೋರೇಜ್ ಎರಡೂ ಒಂದೇ ಕ್ಲೌಡಿನಲ್ಲಿದ್ದರೆ ಎಷ್ಟೋ ಕಡೆ ಕೀ ಬೇಕಾಗೇ ಇಲ್ಲ. ಎಡಬ್ಲ್ಯುಎಸ್‌ನಲ್ಲಿ (ಅಮೆಜಾನ್‌ನ ಕ್ಲೌಡ್) ಸರ್ವರ್‌ಗೆ ಐಎಎಂ ರೋಲ್ ಕೊಡಬಹುದು, ಅಂದರೆ ಕೀ ಇಲ್ಲದೆ ಆ ಸರ್ವರ್‌ಗೇ ಕೊಡುವ ಅನುಮತಿ. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಅದಕ್ಕೆ ಮ್ಯಾನೇಜ್ಡ್ ಐಡೆಂಟಿಟಿ ಅಂತಾರೆ. ಗೂಗಲ್‌ನಲ್ಲಿ ಮಷಿನ್‌ಗೆ ಸರ್ವಿಸ್ ಅಕೌಂಟ್ ಅಂಟಿಸಿದರೆ ಆಯ್ತು, ಕೀ ಫೈಲ್ ಡೌನ್‌ಲೋಡ್ ಮಾಡುವ ಅಗತ್ಯ ಇಲ್ಲ. ಸ್ವಲ್ಪ ಹೊತ್ತಷ್ಟೇ ನಡೆಯುವ ಟೋಕನ್ (ಪ್ರವೇಶ ಚೀಟಿ) ತಾನಾಗೇ ಸಿಗುತ್ತಾ ಇರುತ್ತದೆ. ಇಷ್ಟು ಮಾಡಿದ ಮೇಲೂ ಉಳಿಯುವುದು ಡೇಟಾಬೇಸ್ ಪಾಸ್‌ವರ್ಡ್, ಪೇಮೆಂಟ್ ಗೇಟ್‌ವೇ ಕೀ, ಎಸ್ಎಂಎಸ್ ಕೀ, ವಾಟ್ಸ್‌ಆ್ಯಪ್ ಟೋಕನ್ ಇಂಥವು. ಇವುಗಳಿಗೆ ಜಾಗ ಹುಡುಕೋಣ.

ಲೆಕ್ಕಕ್ಕೆ ಮಂಡಿ ಸಾಫ್ಟ್‌ವೇರ್‌ನವರನ್ನೇ ತಗೊಳ್ಳೋಣ. 12 ಗಿರಾಕಿಗಳು, ಒಬ್ಬೊಬ್ಬರಿಗೆ 5 ಸೀಕ್ರೆಟ್, ಒಟ್ಟು 60. ಕೆಳಗಿನವೆಲ್ಲ ಕಂಪನಿಗಳ ಪಟ್ಟಿ ಬೆಲೆ. ರೀಜನ್ ನೋಡಿಕೊಂಡು ತುಸು ಆಚೀಚೆ ಆಗಬಹುದು. ಬಿಲ್ಲಿನ ಮೇಲೆ 18% ಜಿಎಸ್‌ಟಿ ಬೇರೆ.

ಎಡಬ್ಲ್ಯುಎಸ್ ಸೀಕ್ರೆಟ್ಸ್ ಮ್ಯಾನೇಜರ್ ಒಂದು ಸೀಕ್ರೆಟ್‌ಗೆ ತಿಂಗಳಿಗೆ 40 ಸೆಂಟ್ ತಗೊಳ್ಳುತ್ತದೆ. 10,000 ಸಲ ಓದಿದರೆ 5 ಸೆಂಟ್. ನಮ್ಮ 60ಕ್ಕೆ 24 ಡಾಲರ್ ಆಯ್ತು. ಮಂಡಿಯವರಿಗೆ ಇದು ಸಣ್ಣ ಮೊತ್ತ ಅಲ್ಲ. ಒಂದು ದಾರಿ ಇದೆ: ಒಂದು ಸೀಕ್ರೆಟ್‌ನೊಳಗೆ 64 ಕೆಬಿ ತನಕ ಹಿಡಿಸುತ್ತದೆ. ಹಾಗಾಗಿ ಒಬ್ಬ ಗಿರಾಕಿಯ ಐದನ್ನೂ ಒಂದೇ ಪಟ್ಟಿಯಾಗಿ (ಜೇಸನ್) ಮಾಡಿ ಇಟ್ಟರೆ 12 ಸೀಕ್ರೆಟ್, 4 ಡಾಲರ್ 80 ಸೆಂಟ್. ಆದರೆ ಎಸ್ಎಂಎಸ್ ಕಳಿಸುವ ಪ್ರೋಗ್ರಾಂಗೂ ಡೇಟಾಬೇಸ್ ಪಾಸ್‌ವರ್ಡ್ ಕಾಣುತ್ತದೆ. ಉಳಿಸಿದ ದುಡ್ಡಿನ ಬೆಲೆ ಅದು. ಇದರ ನಿಜವಾದ ಬಲ ರೊಟೇಶನ್, ಅಂದರೆ ಪಾಸ್‌ವರ್ಡನ್ನು ಆಗಾಗ ಬದಲಿಸುವುದು. ಆರ್‌ಡಿಎಸ್ (ಎಡಬ್ಲ್ಯುಎಸ್ ನಡೆಸಿಕೊಡುವ) ಡೇಟಾಬೇಸ್ ಇದ್ದರೆ ಪಾಸ್‌ವರ್ಡನ್ನು ತಾನೇ ಕಾಲಕಾಲಕ್ಕೆ ಬದಲಿಸುತ್ತದೆ. ಅಳಿಸಿದರೆ 7ರಿಂದ 30 ದಿನ ಕಾದು ಆಮೇಲೆ ಅಳಿಸುತ್ತದೆ, ಅಷ್ಟರೊಳಗೆ ವಾಪಸ್ ತರಬಹುದು. ಒಂದು ಎಚ್ಚರಿಕೆ: ಪ್ರತಿ ಪೇಜ್ ತೆರೆದಾಗಲೂ ಸೀಕ್ರೆಟ್ ಓದುವ ಹಾಗೆ ಕೋಡ್ ಬರೆಯಬೇಡಿ. ಹತ್ತು ಲಕ್ಷ ಸಲ ಓದಿದರೆ ಅದೇ 5 ಡಾಲರ್. ಒಮ್ಮೆ ಓದಿ ಮೆಮೊರಿಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಮುಗೀತು.

ಅದೇ ಎಡಬ್ಲ್ಯುಎಸ್‌ನಲ್ಲಿ ಪ್ಯಾರಾಮೀಟರ್ ಸ್ಟೋರ್ ಅಂತ ಇನ್ನೊಂದಿದೆ. ಮಾರುವವರು ಇದರ ಹೆಸರೇ ಎತ್ತೋದಿಲ್ಲ, ಯಾಕೆಂದರೆ ಸ್ಟ್ಯಾಂಡರ್ಡ್ ಪ್ಯಾರಾಮೀಟರ್ ಪುಕ್ಕಟೆ. ಒಂದೊಂದು 4 ಕೆಬಿ, ಒಂದು ಅಕೌಂಟಿನ ಒಂದು ರೀಜನ್‌ನಲ್ಲಿ 10,000 ತನಕ. ಸೆಕ್ಯೂರ್ ಸ್ಟ್ರಿಂಗ್ ಅಂತ ಆರಿಸಿದರೆ ಕೆಎಂಎಸ್ (ಎನ್‌ಕ್ರಿಪ್ಶನ್ ಕೀ ಕಾಯುವ ಕ್ಲೌಡ್ ಸೇವೆ) ಮೂಲಕ ಎನ್‌ಕ್ರಿಪ್ಟ್ (ಗುಪ್ತಲಿಪಿ) ಆಗಿಯೇ ಇರುತ್ತದೆ. ಸಾದಾ ಸ್ಟ್ರಿಂಗ್ ಅಂತ ಇಟ್ಟು "ನಾವೂ ಪ್ಯಾರಾಮೀಟರ್ ಸ್ಟೋರ್ ಬಳಸ್ತೀವಿ" ಅನ್ನುವವರನ್ನು ನೋಡಿದ್ದೇನೆ, ಅದು ಬೀಗದಕೈಯನ್ನು ಬಾಗಿಲ ಮೊಳೆಗೇ ನೇತುಹಾಕಿದ ಹಾಗೆ. ಇಲ್ಲಿ ರೊಟೇಶನ್ ಇಲ್ಲ, ನೀವೇ ಬದಲಿಸಬೇಕು. ಅಳಿಸಿದರೆ ಅಳಿಸಿದ್ದೇ, ಕಾಯುವ ಅವಧಿ ಇಲ್ಲ. ಆದರೂ ನಮ್ಮೂರಿನ ಸಣ್ಣ ತಂಡಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಎಸ್ಎಂಎಸ್ ಕೀಯನ್ನು ಹೇಗಿದ್ದರೂ ಯಾವ ಟೂಲೂ ತಾನಾಗಿ ಬದಲಿಸಿಕೊಡುವುದಿಲ್ಲ, ಆ ಕಂಪನಿಯ ವೆಬ್‌ಸೈಟಿಗೆ ಹೋಗಿ ಹೊಸದು ತರಬೇಕು. ಮತ್ತೆ ಯಾಕೆ ಸುಮ್ನೆ 40 ಸೆಂಟ್ ಕೊಡೋದು?

ಅಜೂರ್ ಕೀ ವಾಲ್ಟ್ ಲೆಕ್ಕ ಹಾಕುವುದೇ ಬೇರೆ ರೀತಿ. ಎಷ್ಟು ಸೀಕ್ರೆಟ್ ಇಟ್ಟಿರಿ ಅಂತ ಕೇಳುವುದಿಲ್ಲ. 10,000 ಆಪರೇಶನ್‌ಗೆ 3 ಸೆಂಟ್. ತಿಂಗಳಿಗೆ ಒಂದು ಲಕ್ಷ ಸಲ ಓದಿದರೂ 30 ಸೆಂಟ್. ಸೀಕ್ರೆಟ್, ಎನ್‌ಕ್ರಿಪ್ಶನ್ ಕೀ, ವೆಬ್‌ಸೈಟಿನ ಟಿಎಲ್ಎಸ್ ಸರ್ಟಿಫಿಕೇಟ್ ಮೂರನ್ನೂ ಒಂದೇ ಕಡೆ ಇಡಬಹುದು. ಸಾಫ್ಟ್ ಡಿಲೀಟ್ ಇದೆ, ಮೊದಲೇ ಹೇಳದಿದ್ದರೆ 90 ದಿನ ಇಟ್ಟುಕೊಂಡಿರುತ್ತದೆ. ಕೈ ಜಾರುವ ತಂಡಕ್ಕೆ ಇದು ದೊಡ್ಡ ಸಮಾಧಾನ. ನನಗೆ ಕಿರಿಕಿರಿ ಅನ್ನಿಸಿದ್ದು ಪರ್ಮಿಶನ್. ಹಳೆಯ ಆಕ್ಸೆಸ್ ಪಾಲಿಸಿ, ಹೊಸ ರೋಲ್ ಪದ್ಧತಿ ಅಂತ ಎರಡು ದಾರಿಗಳಿವೆ. ಇಂಟರ್‌ನೆಟ್ಟಿನ ಪಾಠಗಳು ಅರ್ಧ ಒಂದನ್ನು, ಅರ್ಧ ಇನ್ನೊಂದನ್ನು ಹೇಳಿಕೊಡುತ್ತವೆ. ಹೊಸದಾಗಿ ಶುರು ಮಾಡುವವರು ರೋಲ್ ಪದ್ಧತಿಯನ್ನೇ ಹಿಡಿಯಿರಿ.

ಗೂಗಲ್ ಸೀಕ್ರೆಟ್ ಮ್ಯಾನೇಜರ್ ಒಂದು ವರ್ಷನ್‌ಗೆ ತಿಂಗಳಿಗೆ 6 ಸೆಂಟ್, ಮೊದಲ 6 ಪುಕ್ಕಟೆ. ನಮ್ಮ 60ಕ್ಕೆ 3 ಡಾಲರ್ 24 ಸೆಂಟ್. "ವರ್ಷನ್‌ಗೆ" ಅನ್ನೋದನ್ನು ಗಮನಿಸಿ. ಪಾಸ್‌ವರ್ಡ್ ಬದಲಿಸಿದಾಗ ಹಳೆಯದನ್ನು ಹಾಗೇ ಬಿಟ್ಟರೆ ಅದಕ್ಕೂ ಬಾಡಿಗೆ. ಹಳೆಯದನ್ನು ನಾಶ ಮಾಡಿದರೆ ಮಾಮೂಲಾಗಿ ಆ ಕ್ಷಣವೇ ಹೋಗುತ್ತದೆ, ತಡವಾಗಿ ನಾಶವಾಗಲಿ ಅಂತ ಮೊದಲೇ ಹೊಂದಿಸಿಟ್ಟಿರಬೇಕು. ರೊಟೇಶನ್ ದಿನ ಬಂತು ಅಂತ ನೆನಪಿಸುತ್ತದೆ ಅಷ್ಟೇ, ಬದಲಿಸುವ ಕೋಡ್ ನಿಮ್ಮದು.

ಇನ್ನು ಹ್ಯಾಶಿಕಾರ್ಪ್ ವಾಲ್ಟ್. ಇದರ ಕೆಲಸ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಇಟ್ಟ ಪಾಸ್‌ವರ್ಡ್ ಕೊಡುವುದಷ್ಟೇ ಅಲ್ಲ, ಕೇಳಿದಾಗ ಡೇಟಾಬೇಸಿನಲ್ಲಿ ಹೊಸ ಯೂಸರ್ ಸೃಷ್ಟಿಸಿ, ನಾವು ಹೇಳಿಟ್ಟ ಹೊತ್ತು, ಒಂದು ಗಂಟೆ ಅಂತಿಟ್ಟುಕೊಳ್ಳಿ, ಕಳೆದ ಮೇಲೆ ತಾನೇ ಅಳಿಸುತ್ತದೆ. ಕದ್ದರೂ ಒಂದು ಗಂಟೆಯ ಮಾಲು. ಯಾವ ಕ್ಲೌಡಿನಲ್ಲಾದರೂ ನಡೆಯುತ್ತದೆ, ಸ್ವಂತ ಸರ್ವರ್‌ನಲ್ಲೂ ನಡೆಯುತ್ತದೆ.

ಆದರೆ ಸರ್ವರ್ ರೀಸ್ಟಾರ್ಟ್ ಆದರೆ ವಾಲ್ಟ್ ಬೀಗ ಹಾಕಿಕೊಂಡೇ ಏಳುತ್ತದೆ. ಅದನ್ನು ತೆರೆಯಲು ಮಾಮೂಲಾಗಿ 5 ತುಂಡು ಮಾಡಿದ ಕೀಯಲ್ಲಿ 3 ತುಂಡು ಬೇಕು. ಬ್ಯಾಂಕ್ ಲಾಕರ್‌ಗೆ ಎರಡು ಬೀಗದಕೈ ಇದ್ದ ಹಾಗೆ, ಇಲ್ಲಿ ಮೂರು. ನಾಲ್ಕೇ ಜನರ ಆಫೀಸಿನಲ್ಲಿ ಒಬ್ಬ ಹರಿಹರದಲ್ಲಿ ಮದುವೆಗೆ ಹೋಗಿದ್ದಾನೆ, ಒಬ್ಬನ ಫೋನ್ ಸ್ವಿಚ್ ಆಫ್, ಒಬ್ಬ ಕೆಲಸ ಬಿಟ್ಟು ಬೆಂಗಳೂರು ಸೇರಿದ್ದಾನೆ. ಆಯ್ತಲ್ಲ, ಬೆಳಗಿನ ತನಕ ಆ್ಯಪ್ ಬಂದ್. ಕ್ಲೌಡಿನ ಕೆಎಂಎಸ್‌ಗೆ ಜೋಡಿಸಿ ತಾನಾಗೇ ತೆರೆಯುವ ಹಾಗೆ ಮಾಡಬಹುದು, ಮಾಡಲೇಬೇಕು. ಬ್ಯಾಕಪ್, ಅಪ್‌ಗ್ರೇಡ್, ಆಡಿಟ್ ಲಾಗ್ ತುಂಬಿ ಡಿಸ್ಕಿನಲ್ಲಿ ಜಾಗ ಮುಗಿಯದಂತೆ ನೋಡುವುದು, ಎಲ್ಲ ನಿಮ್ಮ ತಲೆ ಮೇಲೆ. ಸಾಫ್ಟ್‌ವೇರಿಗೆ ದುಡ್ಡು ಇಲ್ಲದಿದ್ದರೂ ಆಳಿನ ಖರ್ಚು ಇದೆ.

ಲೈಸೆನ್ಸ್ ವಿಷಯವೂ ಇದೆ. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಓಪನ್ ಸೋರ್ಸ್ ಲೈಸೆನ್ಸ್ ಬಿಟ್ಟು ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ಹೋಯಿತು. 2025ರಲ್ಲಿ ಕಂಪನಿಯೇ ಐಬಿಎಂ ಪಾಲಾಯಿತು. ಒಳಗೆ ಬಳಸಿಕೊಳ್ಳುವವರಿಗೆ ಇದರಿಂದ ತೊಂದರೆ ಇಲ್ಲ, ವಾಲ್ಟನ್ನೇ ಸೇವೆಯಾಗಿ ಮಾರಲು ಹೋಗುವವರು ಮಾತ್ರ ಓದಿ ನೋಡಬೇಕು. ಹಳೆಯ ಲೈಸೆನ್ಸೇ ಬೇಕು ಅನ್ನುವವರು ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಓಪನ್‌ಬಾವ್ ಅಂತ ಕವಲು ಒಡೆದಿದ್ದಾರೆ.

ಇಬ್ಬರೇ ಇರುವ ತಂಡಕ್ಕೆ ಇದ್ಯಾವುದೂ ಬೇಡ ಅನ್ನಿಸಿದರೆ ಸಾಪ್ಸ್ ನೋಡಿ. ಮೊಜಿಲ್ಲಾದಲ್ಲಿ ಹುಟ್ಟಿದ ಓಪನ್ ಸೋರ್ಸ್ ಟೂಲ್. ಸೀಕ್ರೆಟ್ ಫೈಲನ್ನೇ ಎನ್‌ಕ್ರಿಪ್ಟ್ ಮಾಡಿ ಗಿಟ್‌ನಲ್ಲಿ ಇಡುತ್ತದೆ. ಬಾಡಿಗೆ ಇಲ್ಲ, ಸರ್ವರ್ ಇಲ್ಲ. ಯಾರು ಯಾವಾಗ ತೆರೆದು ನೋಡಿದರು ಅನ್ನುವ ಲೆಕ್ಕ ಮಾತ್ರ ಫೈಲಿನಲ್ಲಿ ಸಿಗುವುದಿಲ್ಲ.

ಕಾವಲುಗಾರರು

ನಮ್ಮ ಬಡಾವಣೆಯ ಗೂರ್ಖಾ ರಾತ್ರಿ ಸೀಟಿ ಊದುತ್ತಾ ಹೋಗುತ್ತಾನೆ. ಕಳ್ಳ ಕಂಡರೆ ಬಾಗಿಲು ಬಡಿಯುತ್ತಾನೆ. ಹಿಡಿಯೋದು ನಾವೇ. ಕೆಳಗಿನ ಟೂಲ್‌ಗಳದ್ದೂ ಬಹುಪಾಲು ಇದೇ ಕೆಲಸ. ಕೊಂಡ ಮಾತ್ರಕ್ಕೆ ದಾಳಿ ನಿಲ್ಲುತ್ತದೆ ಅಂತ ತಿಳಿಯಬೇಡಿ.

ಎಡಬ್ಲ್ಯುಎಸ್ ಗಾರ್ಡ್‌ಡ್ಯೂಟಿ 2017ರಿಂದ ಇದೆ. ಶುರು ಮಾಡಲು ಒಂದು ಬಟನ್ ಸಾಕು, ಸರ್ವರ್‌ಗೆ ಏನೂ ಹಾಕಬೇಕಾಗಿಲ್ಲ. ಕ್ಲೌಡ್‌ಟ್ರೇಲ್ (ಅಕೌಂಟಿನಲ್ಲಿ ಯಾರು ಏನು ಮಾಡಿದರು), ವಿಪಿಸಿ ಫ್ಲೋ ಲಾಗ್ (ಯಾವ ಮಷಿನ್ ಯಾವುದರ ಜೊತೆ ಮಾತಾಡಿತು), ಡಿಎನ್ಎಸ್ ಲಾಗ್ (ಯಾವ ವೆಬ್ ಹೆಸರು ಹುಡುಕಿತು) ಮೂರನ್ನೂ ತಾನೇ ಒಳಗಿಂದ ಓದುತ್ತದೆ. ಮಷಿನ್ ಒಂದು ಕ್ರಿಪ್ಟೊ ಮೈನಿಂಗ್ ಜಾಲದ ಜೊತೆ ಮಾತಾಡಿದರೆ ಹೇಳುತ್ತದೆ. ಸರ್ವರ್‌ಗೆ ಕೊಟ್ಟ ರೋಲ್‌ನ ಟೋಕನ್ ಹೊರಗಿನ ಯಾವುದೋ ವಿಳಾಸದಿಂದ ಬಳಕೆಯಾದರೂ ಹೇಳುತ್ತದೆ. ನಮ್ಮ ಆ ಶನಿವಾರ ಇದು ಇದ್ದಿದ್ದರೆ ರಾತ್ರಿಯೇ ಗೊತ್ತಾಗುತ್ತಿತ್ತು. ಆದರೆ ಗಾರ್ಡ್‌ಡ್ಯೂಟಿಯನ್ನು ಒಂದೊಂದು ರೀಜನ್‌ನಲ್ಲೂ ಬೇರೆ ಬೇರೆಯಾಗಿ ತೆರೆಯಬೇಕು. ಮುಂಬೈಯಲ್ಲಿ ಮಾತ್ರ ತೆರೆದು ನಿಶ್ಚಿಂತೆಯಾಗಿದ್ದರೆ ಕಳ್ಳ ಬೇರೆ ಕಡೆ ಮಷಿನ್ ಎಬ್ಬಿಸುತ್ತಾನೆ. ನೀವು ಬಳಸದ ರೀಜನ್‌ನಲ್ಲಿ ಲಾಗ್ ಕಡಿಮೆ, ಹಾಗಾಗಿ ಬಿಲ್ಲೂ ಕಡಿಮೆ. ಎಲ್ಲ ಕಡೆ ತೆರೆಯಿರಿ.

30 ದಿನ ಪುಕ್ಕಟೆ ಪರೀಕ್ಷೆ ಇದೆ. ಆ ದಿನಗಳಲ್ಲಿ ಕನ್ಸೋಲ್‌ನಲ್ಲೇ ಅಂದಾಜು ಖರ್ಚು ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಕೊಟೇಶನ್ ಯಾವ ಸೇಲ್ಸ್‌ನವರೂ ಕೊಡಲ್ಲ. ಎಸ್3 (ಎಡಬ್ಲ್ಯುಎಸ್‌ನ ಫೈಲ್ ಸ್ಟೋರೇಜ್), ಕಂಟೇನರ್, ಮಾಲ್‌ವೇರ್ ಅಂತ ಉಪ ಪ್ಲಾನ್‌ಗಳಿವೆ, ಒಂದೊಂದಕ್ಕೂ ಬೇರೆ ಬಿಲ್, ಬೇಡದ್ದನ್ನು ಮುಚ್ಚಿ. ಇನ್ನೊಂದು: ಹಳೆಯ ತಕರಾರೇ ಮತ್ತೆ ಮತ್ತೆ ಆದರೆ ಅದರ ಸುದ್ದಿ ಮಾಮೂಲಾಗಿ 6 ಗಂಟೆಗೊಮ್ಮೆ ಬರುತ್ತದೆ. ಸೆಟ್ಟಿಂಗ್‌ನಲ್ಲಿ 15 ನಿಮಿಷಕ್ಕೆ ಇಳಿಸಬಹುದು.

ಮೈಕ್ರೋಸಾಫ್ಟ್ ಡಿಫೆಂಡರ್ ಫಾರ್ ಕ್ಲೌಡ್‌ನಲ್ಲಿ ಎರಡು ಮುಖ. ಎಲ್ಲಿ ಬಾಗಿಲು ತೆರೆದಿದೆ, ಎಲ್ಲಿ ಎನ್‌ಕ್ರಿಪ್ಶನ್ ಇಲ್ಲ ಅಂತ ಪಟ್ಟಿ ಕೊಡುವ ಮೂಲ ಭಾಗ ಪುಕ್ಕಟೆ. ದಾಳಿ ಗುರುತಿಸುವ ಭಾಗಕ್ಕೆ ದುಡ್ಡು. ಸರ್ವರ್‌ಗಳ ಸಣ್ಣ ಪ್ಲಾನ್‌ಗೆ ತಿಂಗಳಿಗೆ ಸುಮಾರು 5 ಡಾಲರ್, ದೊಡ್ಡ ಪ್ಲಾನ್‌ಗೆ ಸುಮಾರು 15, ಅದೂ ಪ್ರತಿ ಸರ್ವರ್‌ಗೆ. ಸರ್ವರ್ ಎಣಿಸಿ ಕೊಡುವುದರಿಂದ ಬಿಲ್ ಮೊದಲೇ ಊಹಿಸಬಹುದು, ನನಗೆ ಇದು ಇಷ್ಟ. ಎಡಬ್ಲ್ಯುಎಸ್, ಗೂಗಲ್ ಅಕೌಂಟ್‌ಗಳನ್ನೂ ಇದಕ್ಕೆ ಜೋಡಿಸಬಹುದು. ಎರಡು ಮೂರು ಕ್ಲೌಡ್‌ಗಳಲ್ಲಿ ಹರಡಿಕೊಂಡವರಿಗೆ ಇದು ಒಳ್ಳೆಯದು. ಇದರ ಪಕ್ಕದಲ್ಲೇ ಸೆಂಟಿನೆಲ್ ತೋರಿಸುತ್ತಾರೆ. ಅದು ಎಲ್ಲ ಲಾಗ್ ಸೇರಿಸಿ ಹುಡುಕುವ ಟೂಲ್, ಜಿಬಿ ಲೆಕ್ಕದಲ್ಲಿ ಬಿಲ್. ಐದು ಜನರ ತಂಡಕ್ಕೆ ಬೇಡ.

ಗೂಗಲ್‌ನ ಸೆಕ್ಯೂರಿಟಿ ಕಮಾಂಡ್ ಸೆಂಟರ್‌ನಲ್ಲಿ ಪುಕ್ಕಟೆ ಹಂತ ಇದೆ, ಆದರೆ ಲಾಗ್ ಓದಿ ದಾಳಿ ಗುರುತಿಸುವ ಈವೆಂಟ್ ಥ್ರೆಟ್ ಡಿಟೆಕ್ಷನ್ ಪ್ರೀಮಿಯಂನಲ್ಲಿ.

ಸ್ವಂತ ಕಾವಲು ಬೇಕು ಅನ್ನುವವರಿಗೆ ವಾಜುಹ್ ಇದೆ. ಓಪನ್ ಸೋರ್ಸ್. ಪ್ರತಿ ಸರ್ವರ್‌ಗೆ ಒಂದು ಏಜೆಂಟ್ (ಒಳಗೆ ಕೂತು ನೋಡುವ ಸಣ್ಣ ಪ್ರೋಗ್ರಾಂ) ಹಾಕಿದರೆ ಫೈಲ್ ಬದಲಾವಣೆ, ಲಾಗಿನ್ ಪ್ರಯತ್ನ, ಹಳೆಯ ಸಾಫ್ಟ್‌ವೇರಿನ ತೂತು ಎಲ್ಲ ತೋರಿಸುತ್ತದೆ. ಆಫೀಸಿನಲ್ಲೇ ಇರುವ ಸರ್ವರನ್ನೂ ಕಾಯುತ್ತದೆ, ಕ್ಲೌಡಿನವರ ಟೂಲ್‌ಗಳು ಅದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಬೇಕಾದರೆ ದಾಳಿಯ ವಿಳಾಸವನ್ನು ತಡೆಯುವ ಹಾಗೂ ಹೊಂದಿಸಬಹುದು. ಆದರೆ 25 ಏಜೆಂಟ್ ತನಕವೂ 4 ಸಿಪಿಯು, 8 ಜಿಬಿ ಮೆಮೊರಿಯ ಮಷಿನ್ ಇಡಿ ಅಂತ ಅವರೇ ಹೇಳುತ್ತಾರೆ. ಅಂಥ ಮಷಿನ್ ಕ್ಲೌಡಿನಲ್ಲಿ ಹಗಲೂ ರಾತ್ರಿ ಓಡಿದರೆ, ಎರಡೇ ಸರ್ವರ್ ಇರುವವರಿಗೆ ಕಾಯುವ ಮಷಿನ್ನೇ ಕಾಯಿಸಿಕೊಳ್ಳುವವಕ್ಕಿಂತ ದೊಡ್ಡದಾಯ್ತು! ಮೊದಲ ವಾರ ಅಲರ್ಟ್‌ಗಳ ಮಳೆ ಬೇರೆ. ಅದನ್ನು ಪಳಗಿಸಲು ಕೂತು ಕೆಲಸ ಮಾಡಬೇಕು. ಕುಬರ್ನೆಟಿಸ್ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ಇಟ್ಟವರು ಫಾಲ್ಕೊ ಅನ್ನುವ ಕಾವಲು ಟೂಲನ್ನೂ ಒಮ್ಮೆ ನೋಡಿ.

ಇವೆಲ್ಲಕ್ಕಿಂತ ಮೊದಲು, ಇವತ್ತೇ, ಬಜೆಟ್ ಅಲಾರಂ ಹಾಕಿ. ಮೂರೂ ಕ್ಲೌಡ್‌ಗಳಲ್ಲಿ ಇದೆ. ಬಿಲ್ಲಿನ ಲೆಕ್ಕ ಕೆಲವು ಗಂಟೆ ತಡವಾಗಿ ಬರುವುದರಿಂದ ಕಳ್ಳ ಒಳಗೆ ಬಂದ ಕ್ಷಣ ಗೊತ್ತಾಗದು, ಆದರೂ ಸೋಮವಾರದ ತನಕ ಕಾಯಬೇಕಾಗಿಲ್ಲ. ರೆಪೊಗೆ ಕೀ ಹೋಗದಂತೆ ಗಿಟ್‌ಲೀಕ್ಸ್‌ನಂಥ ತಪಾಸಣೆಯನ್ನು ಪ್ರತಿಯೊಬ್ಬರ ಲ್ಯಾಪ್‌ಟಾಪಿಗೂ ಹಾಕಿ. ಹತ್ತು ನಿಮಿಷದ ಕೆಲಸ.

ಕಾನೂನಿನ ತಕ್ಕಡಿ

2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಎಡಬ್ಲ್ಯುಎಸ್ ಕ್ಲೌಡ್‌ಟ್ರೇಲ್ ಪುಕ್ಕಟೆಯಾಗಿ ತೋರಿಸುವುದು 90 ದಿನದ ಹಿಸ್ಟರಿ. ಅರ್ಧಕ್ಕೇ ನಿಂತಿತು, ಅಲ್ವಾ? ಅದಕ್ಕೆ ಒಂದು ಟ್ರೇಲ್ (ಲಾಗ್ ಉಳಿಸಿಡುವ ಏರ್ಪಾಡು) ಮಾಡಿ ಮುಂಬೈ ಅಥವಾ ಹೈದರಾಬಾದ್ ರೀಜನ್‌ನ ಎಸ್3 ಬಕೆಟ್‌ಗೆ ತುಂಬಿಸಿ. ಮೊದಲ ಟ್ರೇಲ್‌ನ ಮ್ಯಾನೇಜ್‌ಮೆಂಟ್ ದಾಖಲೆಗೆ ದುಡ್ಡಿಲ್ಲ, ಸ್ಟೋರೇಜ್ ಬಾಡಿಗೆ ಮಾತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆಯ ಲೋಪಕ್ಕೆ ದಂಡ 250 ಕೋಟಿ ತನಕ ಹೋಗಬಹುದು. ರೋಗಿಗಳ ಹೆಸರು, ಫೋನ್ ನಂಬರ್ ಇಟ್ಟುಕೊಂಡವರು ಇದನ್ನು ಲಘುವಾಗಿ ತಗೊಳ್ಳುವ ಹಾಗಿಲ್ಲ.

ಆ ಮೂವರಿಗೆ ಏನು ಹೇಳಿದೆ

ನರ್ಸಿಂಗ್ ಹೋಮ್ ಆ್ಯಪ್‌ನವರು ಅಜೂರ್‌ನಲ್ಲಿದ್ದಾರೆ, ಸರ್ವರ್ ಮೂರು. ಕೀ ವಾಲ್ಟ್, ಜೊತೆಗೆ ಮ್ಯಾನೇಜ್ಡ್ ಐಡೆಂಟಿಟಿ. ಕಾವಲಿಗೆ ಡಿಫೆಂಡರ್‌ನ ಸಣ್ಣ ಸರ್ವರ್ ಪ್ಲಾನ್, ತಿಂಗಳಿಗೆ 15 ಡಾಲರ್ ಒಳಗೆ ಹೊರಗೆ. ರೋಗಿಗಳ ಮಾಹಿತಿ ಇರುವುದರಿಂದ ಇಲ್ಲಿ ಜಿಪುಣತನ ಬೇಡ ಅಂದೆ. ಪುಕ್ಕಟೆ ಪಟ್ಟಿಯಲ್ಲಿ ಬಂದ ತಪ್ಪುಗಳನ್ನು ಮೊದಲು ಸರಿ ಮಾಡಿ ಆಮೇಲೆ ದುಡ್ಡು ಕೊಡಿ ಅಂತಲೂ ಹೇಳಿದೆ.

ಹುಡುಗಿಯ ತಂಡ ದೊಡ್ಡದು. ಎರಡು ಕ್ಲೌಡ್, ಜೊತೆಗೆ ಸ್ವಂತ ಸರ್ವರ್‌ಗಳು, ಪಾಳಿಯಲ್ಲಿ ರಾತ್ರಿ ಕೆಲಸ ಮಾಡುವ ಜನ ಇದ್ದಾರೆ. ಅಂಥವರಿಗೆ ವಾಲ್ಟ್ ಅಥವಾ ಓಪನ್‌ಬಾವ್ ಸರಿಯೇ, ಡೇಟಾಬೇಸ್ ಪಾಸ್‌ವರ್ಡ್‌ಗಳನ್ನು ಗಂಟೆ ಲೆಕ್ಕದಲ್ಲಿ ಕೊಡುವುದಾದರೆ ಮಾತ್ರ. ಸುಮ್ಮನೆ ಪಾಸ್‌ವರ್ಡ್ ತುಂಬಿಡುವ ಡಬ್ಬಿಯಾಗಿ ಬಳಸುವುದಾದರೆ ಅಷ್ಟು ಕಷ್ಟ ಯಾಕೆ?

ಮಂಡಿಯವರು ಎಡಬ್ಲ್ಯುಎಸ್‌ನಲ್ಲಿ. ಪ್ಯಾರಾಮೀಟರ್ ಸ್ಟೋರ್‌ನಲ್ಲಿ ಸೆಕ್ಯೂರ್ ಸ್ಟ್ರಿಂಗ್, ಆರ್‌ಡಿಎಸ್‌ನ ಒಂದೇ ಒಂದು ಪಾಸ್‌ವರ್ಡ್ ಸೀಕ್ರೆಟ್ಸ್ ಮ್ಯಾನೇಜರ್‌ನಲ್ಲಿ, ಎಲ್ಲ ರೀಜನ್‌ನಲ್ಲೂ ಗಾರ್ಡ್‌ಡ್ಯೂಟಿ. ತಿಂಗಳ ಸೀಕ್ರೆಟ್ ಖರ್ಚು 40 ಸೆಂಟ್. ಅವರು ಅವತ್ತೇ ಕೂತು ಎಲ್ಲ ಮಾಡಿ ಮುಗಿಸಿದರು. ನಾಲ್ಕನೇ ದಿನ ರಾತ್ರಿ ಹನ್ನೊಂದೂವರೆಗೆ ನನಗೊಂದು ಮೇಲ್ ಬಂತು. ಅವರ ಸರ್ವರ್‌ನ ಎಸ್ಎಸ್ಎಚ್ ಪೋರ್ಟಿಗೆ (ದೂರದಿಂದ ಲಾಗಿನ್ ಆಗುವ ಬಾಗಿಲಿಗೆ) ಯಾರೋ ಪಾಸ್‌ವರ್ಡ್ ಊಹಿಸಿ ಬಡಿಯುತ್ತಿದ್ದಾರೆ ಅಂತ ಗಾರ್ಡ್‌ಡ್ಯೂಟಿ ಹೇಳುತ್ತಿತ್ತು. ಅಲರ್ಟ್ ಹೋಗಬೇಕಾದ ವಿಳಾಸದ ಜಾಗದಲ್ಲಿ ಅವರು ನನ್ನ ಮೇಲ್ ಐಡಿ ಹಾಕಿದ್ದರು.